ತಾತನ ಪೆಟ್ಟಿಗೆಯ ಐದು ಡಿಗ್ರಿ

ಯುದ್ಧಕ್ಕೆ ಹೋದವರ ಮನೆಯಲ್ಲಿ ಪದಕ ಉಳಿಯುತ್ತದೆ. ಯುದ್ಧಕ್ಕೆಂದು ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಓಡಿಸಿದವರ ಮನೆಯಲ್ಲಿ? ನಮ್ಮಲ್ಲಿ ಉಳಿದಿದ್ದು ಎಣ್ಣೆ ವಾಸನೆಯ ಒಂದು ಮರದ ಪೆಟ್ಟಿಗೆ. ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಟರ್ನರ್, ಅಂದರೆ ಲೇತ್ ಕೆಲಸಗಾರ, ಆಗಿದ್ದರು. ಬೋಲ್ಟು, ಬುಷ್, ಪಿನ್ನು, ಇಷ್ಟೇ ಅವರ ಯುದ್ಧ. ಅವು ಯಾವ ಎಂಜಿನ್ ಸೇರಿದವು ಅಂತ ಅವರಿಗೂ ಗೊತ್ತಿರಲಿಲ್ಲ. ಡ್ರಾಯಿಂಗ್‌ನಲ್ಲಿ ಅಳತೆ ಇರುತ್ತಿತ್ತು, ಅಷ್ಟು ಸಾಕಿತ್ತು.

ಪೆಟ್ಟಿಗೆ ತೆರೆದರೆ ಎಲ್ಲರ ಕೈ ಮೊದಲು ಹೋಗುವುದು ಹಿತ್ತಾಳೆಯ ಪೇಪರ್‌ವೇಟ್‌ಗೆ. ಉಳಿದ ತುಂಡಿನಲ್ಲಿ ಸುಮ್ನೆ ಕಡೆದದ್ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆಮೇಲೆ ಮೈಕ್ರೋಮೀಟರ್, ಸಣ್ಣ ದಪ್ಪಗಳನ್ನು ಅಳೆಯುವ ಸಾಧನ. ಅದರ ತುದಿ ತಿರುಗಿಸುತ್ತಾ ಹೋದರೆ, ‘ಇನ್ನು ಸಾಕು’ ಅನ್ನುವಲ್ಲಿ ಟಿಕ್ ಟಿಕ್ ಅಂತ ಜಾರುತ್ತದೆ. ಒಂದು ಸುತ್ತು ತಿರುಗಿದರೆ 25 ಗೆರೆ, ಒಂದು ಗೆರೆ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಲೇತ್ ಜನರ ಬಾಯಲ್ಲಿ ಒಂದು ಥೌ. ತಲೆಗೂದಲು ಅದಕ್ಕಿಂತ ದಪ್ಪ! ಮಕ್ಕಳು ಒಬ್ಬರ ತಲೆಯಿಂದ ಒಬ್ಬರು ಕೂದಲು ಕಿತ್ತು ಅಳೆದು ನೋಡಿದ್ದೂ ಆಯಿತು.

ಆದರೆ ನನ್ನನ್ನು ಕೇಳಿದರೆ ಪೆಟ್ಟಿಗೆಯ ನಿಜವಾದ ಆಸ್ತಿ ಯಾರೂ ಮುಟ್ಟದ ಎರಡು ಸೆಂಟರ್ ಗೇಜ್‌ಗಳು. ಬೆರಳುದ್ದದ ಉಕ್ಕಿನ ಪಟ್ಟಿ, ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಮೀನಿನ ಬಾಲದ ಹಾಗೆ ಕಚ್ಚು. ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ, ಕೊರೆಯುವ ಟೂಲನ್ನು ಸಾಣೆ ಹಿಡಿದು, ಕಚ್ಚಿಗೆ ಕೂರಿಸಿ, ಬೆಳಕಿಗೆ ಎತ್ತಿ ನೋಡಬೇಕು. ಸಂದಿಯಲ್ಲಿ ಒಂದೆಳೆ ಬೆಳಕು ಕಂಡರೂ ಮತ್ತೆ ಸಾಣೆಗೆ.

ಎರಡು ಯಾಕೆ? ಒಂದು 55 ಡಿಗ್ರಿ, ಇನ್ನೊಂದು 60. ಬ್ರಿಟನ್ನಿನ ಎಂಜಿನಿಯರ್ ವಿಟ್ವರ್ತ್ 1841ರಲ್ಲಿ ಥ್ರೆಡ್ಡಿನ ಎರಡು ಬದಿಗಳ ನಡುವಿನ ಕೋನ 55 ಇರಲಿ ಅಂದ. ಅಮೆರಿಕದ ಎಂಜಿನಿಯರ್ ಸೆಲ್ಲರ್ಸ್ 1864ರಲ್ಲಿ 60 ಅಂದ. ಯುದ್ಧ ಬಂದಾಗ ಎರಡೂ ದೇಶ ಒಂದೇ ಪಕ್ಷ, ನಟ್ಟು ಬೋಲ್ಟು ಮಾತ್ರ ಬೇರೆ ಬೇರೆ. ಅರ್ಧ ಇಂಚಿನ ಮಾಮೂಲಿ ಬೋಲ್ಟಿನಲ್ಲಿ ಬ್ರಿಟಿಷರದು ಇಂಚಿಗೆ 12 ಸುತ್ತು, ಅಮೆರಿಕದವರದು 13. ಒಂದರ ನಟ್ಟು ಇನ್ನೊಂದಕ್ಕೆ ಹತ್ತುವುದೇ ಇಲ್ಲ. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದಲ್ಲಿ ತಯಾರಿಸಲು ಒಪ್ಪಿಕೊಂಡ ಪ್ಯಾಕರ್ಡ್ ಕಂಪನಿ ಬ್ರಿಟಿಷ್ ಥ್ರೆಡ್ಡನ್ನೇ ಉಳಿಸಿಕೊಂಡಿತು, ಅದನ್ನು ಕೊರೆಯಲು ಬೇಕಾದ ಟ್ಯಾಪು, ಡೈ ಎಂಬ ಟೂಲುಗಳನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಟ್ಯಾಂಕು, ವಿಮಾನಗಳ ಲೆಕ್ಕ ಬರೆಯುವವರು ಈ ಐದು ಡಿಗ್ರಿಯ ತಲೆನೋವನ್ನು ಜಾಸ್ತಿ ಬರೆಯುವುದಿಲ್ಲ, ಅಲ್ವಾ?

ಕೊನೆಗೆ ಅಮೆರಿಕ, ಬ್ರಿಟನ್, ಕೆನಡಾ ಕೂತು 60 ಡಿಗ್ರಿಗೆ ಒಪ್ಪಿಕೊಂಡದ್ದು 1948ರಲ್ಲಿ, ಯುದ್ಧ ಮುಗಿದು ಮೂರು ವರ್ಷವಾದ ಮೇಲೆ. ಅವರು ಸಹಿ ಹಾಕಿದರು ಅಂತ ಹಳೆಯ ಯಂತ್ರಗಳು ಬದಲಾಗಲಿಲ್ಲವಲ್ಲ, ರಿಪೇರಿಗೆ ಬರುತ್ತಲೇ ಇದ್ದವು. ತಾತನ ಗೇಜ್‌ಗಳಲ್ಲಿ ಜಾಸ್ತಿ ಸವೆದಿರುವುದು 55ರದ್ದೇ. ಪೇಪರ್‌ವೇಟ್ ಬೇಕೆಂದವರು ಒಯ್ಯಲಿ, ಇವೆರಡನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.