ಫೋನ್‌ನಲ್ಲಿ ಕಾಣುವ ಗಡಿ ಗೆರೆಗೆ ಅಗಲ ಇರಬೇಕು

ಜಮೀನಿನಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಸರ್ವೆ ನಕ್ಷೆಯ ಗೆರೆಗಳು ನೆಲದ ಮೇಲೇ ಎಳೆದ ಹಾಗೆ ಕಾಣುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಆಗ್‌ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್. ಖಾಸಗಿಯಾಗಿ ಸರ್ವೆ ಕೆಲಸ ಮಾಡುವ ನನಗೆ ಇದು ನಿಜಕ್ಕೂ ಇಷ್ಟವಾದ ವಿಷಯ. ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ), 11ಇ ನಕ್ಷೆ (ಜಮೀನು ಭಾಗ ಮಾಡಿ ಮಾರುವ ಮೊದಲು ಮಾಡಿಸುವ ನಕ್ಷೆ) ಇವನ್ನೆಲ್ಲ ಸ್ವಂತ ಓದಿಕೊಳ್ಳಬಲ್ಲ ಜಮೀನುದಾರರು ಕಡಿಮೆ. ಸರ್ವೇಯರ್ ಹೇಳಿದ್ದನ್ನು ನಂಬಬೇಕು, ಇಲ್ಲ ಜಗಳ ಆಡಬೇಕು. ಈಗ ತಮ್ಮ ಬದುವಿನ ಮೇಲೆ ನಿಂತು ತಮ್ಮ ನಕ್ಷೆಯನ್ನು ತಾವೇ ನೋಡಬಹುದು ಅಂದರೆ ದೊಡ್ಡ ಮಾತು ಅಲ್ವಾ?

ನನ್ನ ಭಯವೂ ಅಲ್ಲೇ ಇದೆ. ಕಾಗದದ ಮೇಲಿನ ಗೆರೆಯನ್ನು ಜನ ಅನುಮಾನದಿಂದ ನೋಡುತ್ತಾರೆ. ಕಣ್ಣೆದುರು ನೆಲದ ಮೇಲೆ ಹೊಳೆಯುವ ಗೆರೆಯನ್ನು ಹಾಗೆ ನೋಡುವುದಿಲ್ಲ. ಆ ಗೆರೆ ಮೂರು ಮೀಟರ್ ಆಚೆ ಇದ್ದರೂ ಅಲ್ಲಿಗೇ ಗೂಟ ಹೊಡೆಯುತ್ತಾರೆ. ಹಾಗಾಗಿ ಎಆರ್‌ಗೆ ನಕ್ಷೆ ತಯಾರು ಮಾಡುವ ಎಲ್ಲರಿಗೂ ನನ್ನ ಒಂದೇ ಒತ್ತಾಯ: ಗಡಿಯನ್ನು ದಾರದಂಥ ಗೆರೆಯಾಗಿ ತೋರಿಸಬೇಡಿ. ಎಷ್ಟು ಆಚೀಚೆ ಇರಬಹುದೋ ಅಷ್ಟು ಅಗಲದ ಪಟ್ಟಿಯಾಗಿ ತೋರಿಸಿ.

ಆ ಅಗಲ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ, ಮೊದಲು ಮೂಲ ನಕ್ಷೆಯಿಂದಲೇ. ನಮ್ಮ ಅನೇಕ ಗ್ರಾಮ ನಕ್ಷೆಗಳ ಸ್ಕೇಲ್ 1:7920. ಕಾಗದದ ಒಂದು ಇಂಚಿಗೆ ನೆಲದ 660 ಅಡಿ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಇಂಕಿನ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. ಕಾಗದ ಹಿಗ್ಗಿ ಕುಗ್ಗಿದ್ದು, ಸ್ಕ್ಯಾನ್ ಮಾಡುವಾಗ ಸೊಟ್ಟಗಾದದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. 60 ಮೀಟರ್ ಉದ್ದದ ಬದುವಿನಲ್ಲಿ 4 ಮೀಟರ್ ಸರಿದರೆ 240 ಚದರ ಮೀಟರ್, ಅಂದರೆ ಎರಡು ಗುಂಟೆಗಿಂತ ಜಾಸ್ತಿ ಜಾಗ ಪಕ್ಕದವರ ಕಡೆಗೆ ಹೋಯಿತು. ಗ್ರಾಮ ನಕ್ಷೆಯನ್ನು ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿ ಎಆರ್‌ಗೆ ಹಾಕಿಕೊಡಿ ಅಂತ ಕೇಳುವವರಿದ್ದಾರೆ. ಗಡಿ ತೋರಿಸಲಿಕ್ಕೆ ಅಂತ ನಾನು ಅದನ್ನು ಮಾಡಿಕೊಡುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್ ಬಗ್ಗೆಯೂ ಇದೇ ಮಾತು. ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ತಿಳಿಯಲು ತುಂಬಾ ಒಳ್ಳೆಯದು. ಬೇಲಿ ಹಾಕಲು ಅಲ್ಲ.

ಟಿಪ್ಪಣಿ ಇದಕ್ಕಿಂತ ಎಷ್ಟೋ ಮೇಲು, ಯಾಕಂದರೆ ಅದರಲ್ಲಿ ನೆಲದ ಮೇಲೆ ಸರಪಳಿ ಎಳೆದು ಅಳೆದ ಸಂಖ್ಯೆಗಳಿವೆ. ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಆಣೆ ಎರಡು ಅಡಿಗಿಂತ ಚೂರು ಜಾಸ್ತಿ. ಆಣೆ ಲೆಕ್ಕದಲ್ಲಿ ಬರೆದಿಟ್ಟ ಅಳತೆಯಿಂದ ಸೆಂಟಿಮೀಟರ್ ಗೆರೆ ಹುಟ್ಟುವುದಿಲ್ಲ. ಹಾಗಾಗಿ ಟಿಪ್ಪಣಿಯಿಂದ ಮಾಡಿದ ಪಟ್ಟಿ ಎರಡಡಿಗಿಂತ ತೆಳ್ಳಗೆ ಇರಬಾರದು ಅನ್ನುವುದು ನನ್ನ ನಿಯಮ. ಗ್ರಾಮಠಾಣದ ಒಳಗೆ ಸ್ವಾಮಿತ್ವ ಯೋಜನೆಯ ಡ್ರೋನ್ ನಕ್ಷೆ ಸಿಕ್ಕರೆ ಪರಿಸ್ಥಿತಿ ಬೇರೆ. ಅದು 1:500 ಸ್ಕೇಲ್. ಅಲ್ಲಿ ಅರ್ಧ ಮಿಲಿಮೀಟರ್ ಅಂದರೆ 25 ಸೆಂಟಿಮೀಟರ್ ಅಷ್ಟೇ.

ಮುಂದಿನದು ನಕ್ಷೆಯನ್ನು ನೆಲಕ್ಕೆ ಕೂರಿಸುವ ಕೆಲಸ. ಇಲ್ಲಿ ಕಲ್ಲಿಗಿಂತ ದೊಡ್ಡ ಸಾಕ್ಷಿ ಇಲ್ಲ. ಜಾಗಕ್ಕೆ ಹೋಗಿ ಉಳಿದಿರುವ ಬಾಂದು ಕಲ್ಲುಗಳನ್ನು, ಮೂರು ಊರಿನ ಗಡಿ ಸೇರುವ ಕಲ್ಲನ್ನು ಹುಡುಕಬೇಕು. ಅವುಗಳ ಮೇಲೆ ರೋವರ್, ಅಂದರೆ ಸರ್ವೆಗೆ ಬಳಸುವ ನಿಖರ ಜಿಪಿಎಸ್ ಉಪಕರಣ, ಇಟ್ಟು ಅಳೆಯಬೇಕು. ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದ (ಒಂದೇ ಜಾಗದಲ್ಲಿ ಸದಾ ಕೆಲಸ ಮಾಡುವ ಜಿಪಿಎಸ್ ಕೇಂದ್ರಗಳ ಜಾಲ) ತಿದ್ದುಪಡಿ ಸಿಕ್ಕಿ ರೋವರ್ ಫಿಕ್ಸ್ ಆದರೆ, ಅಂದರೆ ಅದರ ಲೆಕ್ಕ ಗಟ್ಟಿಯಾಗಿ ಕೂತರೆ, ಕೆಲವು ಸೆಂಟಿಮೀಟರ್‌ವರೆಗೆ ನಂಬಬಹುದು. ಕಲ್ಲುಗಳು ಜಮೀನಿನ ಎಲ್ಲ ಬದಿಗೂ ಹರಡಿರಬೇಕು. ಒಂದೆರಡನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಅಂತ ಬದಿಗಿಡಬೇಕು. ನಕ್ಷೆಯನ್ನು ಸರಿಸಿ, ತಿರುಗಿಸಿ, ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಕೂರಿಸಿದಾಗ ಪ್ರತಿ ಕಲ್ಲಿನಲ್ಲಿ ಎಷ್ಟು ವ್ಯತ್ಯಾಸ ಉಳಿಯಿತು ಅನ್ನುವುದು ಕ್ಯೂಜಿಐಎಸ್ ಥರದ ಉಚಿತ ನಕ್ಷೆ ಸಾಫ್ಟ್‌ವೇರ್‌ನಲ್ಲೇ ಕಾಣುತ್ತದೆ. ಕೆಲವರು ನಕ್ಷೆಯನ್ನು ಬೇಕಾದ ಕಡೆ ಎಳೆದಾಡಿ ಎಲ್ಲ ಕಲ್ಲಿಗೂ ವ್ಯತ್ಯಾಸ ಸೊನ್ನೆ ಮಾಡಿಬಿಡುತ್ತಾರೆ. ಅದು ತಪ್ಪನ್ನು ಮುಚ್ಚಿಡುವ ಕೆಲಸ. ಒಂದು ಕಲ್ಲು ಮಾತ್ರ ಎರಡು ಮೀಟರ್ ಆಚೆ ಬಂದರೆ ಆ ಕಲ್ಲನ್ನು ಯಾರೋ ಕಿತ್ತು ನೆಟ್ಟಿರಬಹುದು. ಆ ಸುಳಿವು ಕಳೆದುಹೋಗಬಾರದು.

1800ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತಮ್ಮ ಸರ್ವೆಯ ಮೊದಲ ಆಧಾರ ರೇಖೆ (ಮುಂದಿನ ಅಳತೆಗಳಿಗೆಲ್ಲ ಬುನಾದಿಯಾಗುವ ಗೆರೆ) ಅಳೆದಾಗ ಉಕ್ಕಿನ ಸರಪಳಿಯ ಜೊತೆ ಥರ್ಮಾಮೀಟರ್ ಇಟ್ಟುಕೊಂಡಿದ್ದರು, ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಹಾಕಲು. ಆ ಶ್ರದ್ಧೆ ನಡೆದದ್ದು ಇದೇ ನೆಲದಲ್ಲಿ. ನನಗೆ ಅದು ಹೆಮ್ಮೆ.

ಇನ್ನು ಫೈಲ್ ತಯಾರಿ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ, ಜಾಗಗಳನ್ನು ಮೀಟರ್ ಲೆಕ್ಕದಲ್ಲಿ ಗುರುತಿಸುವ ಪದ್ಧತಿ ಯುಟಿಎಂ. ಕರ್ನಾಟಕದ ಬಹುಪಾಲು ಜಾಗ ಅದರ 43ನೇ ವಲಯದಲ್ಲಿದೆ. ಆದರೆ 78 ಡಿಗ್ರಿ ರೇಖಾಂಶ ದಾಟಿದರೆ 44 ಶುರು. ಕೋಲಾರ, ಮುಳಬಾಗಿಲು, ಕೆಜಿಎಫ್ ಎಲ್ಲ ಆ ಕಡೆ. ವಲಯ ತಪ್ಪು ಕೊಟ್ಟರೆ ನಕ್ಷೆ ನೂರಾರು ಕಿಲೋಮೀಟರ್ ದೂರ ಬೀಳುತ್ತದೆ. ಅಂಥ ತಪ್ಪು ತಕ್ಷಣ ಗೊತ್ತಾಗುತ್ತದೆ, ಚಿಂತೆಯಿಲ್ಲ. ಗೊತ್ತಾಗದ ತಪ್ಪು ದಿಕ್ಕಿನದ್ದು. ಬೆಂಗಳೂರಿನಲ್ಲಿ ಯುಟಿಎಂ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಅದನ್ನು ಸರಿಪಡಿಸದಿದ್ದರೆ 100 ಮೀಟರ್ ಆಚೆ ಗೆರೆ ಒಂದು ಮೀಟರ್ ವಾಲುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ.

ಎತ್ತರದ ವಿಷಯ ಕೇಳಿದರೆ ಹೊಸಬರಿಗೆ ಆಶ್ಚರ್ಯ ಆಗುತ್ತದೆ. ಜಿಪಿಎಸ್ ಕೊಡುವ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತದ ಆಕಾರದಿಂದ ಅಳೆದದ್ದು. ಬೆಂಗಳೂರಿನ ಸುತ್ತ ಇವೆರಡರ ನಡುವೆ ಸುಮಾರು 85 ಮೀಟರ್ ಅಂತರ. ಫೈಲ್‌ನಲ್ಲಿ ಒಂದು ಎತ್ತರ, ಆ್ಯಪ್‌ನಲ್ಲಿ ಇನ್ನೊಂದು ಇದ್ದರೆ ನಕ್ಷೆ ಆಕಾಶದಲ್ಲಿ ತೇಲುತ್ತದೆ ಅಥವಾ ನೆಲದೊಳಗೆ ಇಳಿಯುತ್ತದೆ. ಗೆರೆಗಳನ್ನು ಆ ಜಾಗದ ಏರುತಗ್ಗಿನ ಮೇಲೆ ಹೊದಿಸಬೇಕು. ಇಳಿಜಾರಿನಲ್ಲಿ ಚಪ್ಪಟೆ ನಕ್ಷೆ ಹಾಕಿದರೆ ನೆಲದಿಂದ ಮೇಲೆದ್ದ ಗೆರೆ ಓರೆಯಾಗಿ ನೋಡುವ ಕಣ್ಣಿಗೆ ಬೇರೆಯೇ ಜಾಗದಲ್ಲಿ ಬಿದ್ದಂತೆ ಕಾಣುತ್ತದೆ.

ಇನ್ನೊಂದು ಸಣ್ಣ ವಿಷಯ. ಯುಟಿಎಂ ಸಂಖ್ಯೆಗಳು ದೊಡ್ಡವು. ಬೆಂಗಳೂರಿನಲ್ಲಿ ಉತ್ತರದ ಕಡೆಯ ಅಂಕಿ 14 ಲಕ್ಷ ಮೀಟರ್ ದಾಟುತ್ತದೆ. ಎಆರ್ ಎಂಜಿನ್‌ಗಳು ಸಾಮಾನ್ಯವಾಗಿ ಬಳಸುವ 32 ಬಿಟ್ ಅಂಕಿಯಲ್ಲಿ ಅಷ್ಟು ದೊಡ್ಡ ಸಂಖ್ಯೆ 12.5 ಸೆಂಟಿಮೀಟರ್‌ನ ಹೆಜ್ಜೆಗಳಲ್ಲಿ ಮಾತ್ರ ಕೂರುತ್ತದೆ. ಅದಕ್ಕೇ ಗೆರೆಗಳು ನಡುಗುತ್ತವೆ. ಜಮೀನಿನ ಒಂದು ಮೂಲೆಯನ್ನೇ ಸೊನ್ನೆ ಅಂತ ಇಟ್ಟು, ಉಳಿದದ್ದನ್ನು ಅಲ್ಲಿಂದ ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಡ್ರಾಯಿಂಗ್ ಅಡಿಯಲ್ಲಿದೆಯೋ ಮೀಟರ್‌ನಲ್ಲಿದೆಯೋ ನೋಡಿಕೊಳ್ಳಿ. ಬೇಡದ ಲೇಯರ್ ತೆಗೆಯಿರಿ. ಹಸಿರು ಹೊಲದಲ್ಲಿ ಹಸಿರು ಬಣ್ಣದ ಗೆರೆ ಬೇಡ, ಬಿಸಿಲಿಗೆ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಆದಮೇಲೂ ಫೋನ್ ತನ್ನ ತಪ್ಪನ್ನು ಸೇರಿಸುತ್ತದೆ. ಬಯಲಿನಲ್ಲೂ ಬರೀ ಫೋನಿನ ಜಿಪಿಎಸ್ ಮೂರು, ನಾಲ್ಕು, ಐದು ಮೀಟರ್ ಆಚೀಚೆ ಆಗುತ್ತದೆ. ರೋವರ್ ಜೋಡಿಸಿದರೆ ನಿಂತ ಜಾಗ ಸರಿಹೋಗುತ್ತದೆ. ಆದರೆ ದಿಕ್ಕು ಫೋನಿನ ದಿಕ್ಸೂಚಿಯದ್ದೇ ಆಗಿದ್ದರೆ, 5 ಡಿಗ್ರಿ ತಪ್ಪಿದರೂ 50 ಮೀಟರ್ ದೂರದಲ್ಲಿ ನಾಲ್ಕು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಅದಕ್ಕೇ ಅಳೆದ ಎರಡು ಕಲ್ಲುಗಳಿಗೆ ಗುರಿ ಹಿಡಿದು ದಿಕ್ಕು ಕೂರಿಸಬೇಕು. ಅಡಿಕೆ ತೋಟದಲ್ಲಿ ಎಲ್ಲ ಕಷ್ಟವೂ ಒಟ್ಟಿಗೆ ಬರುತ್ತದೆ. ಗರಿಗಳ ಕೆಳಗೆ ಸ್ಯಾಟಲೈಟ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ, ಸಾಲು ಸಾಲು ಕಾಂಡಗಳು ಒಂದೇ ಥರ ಕಾಣುವುದರಿಂದ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ, ಗಾಳಿಗೆ ಗರಿಗಳೂ ನೆರಳೂ ಆಡುತ್ತಿರುತ್ತವೆ. ಅಂಥ ಕಡೆ ನಾನು ಟೋಟಲ್ ಸ್ಟೇಷನ್ (ಸ್ಯಾಟಲೈಟ್ ಇಲ್ಲದೆ ಕೋನ, ದೂರ ಅಳೆಯುವ ಉಪಕರಣ) ಇಟ್ಟೇ ಗಡಿ ಗುರುತು ಮಾಡುತ್ತೇನೆ. ಎಆರ್ ಏನಿದ್ದರೂ ಆಮೇಲೆ, ಮನೆಯವರಿಗೆ ಅರ್ಥ ಮಾಡಿಸಲು.

ಇದನ್ನು ಹೆಚ್ಚಾಗಿ ಬಳಸುವುದು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಜಮೀನು ಕೊಳ್ಳುವಾಗ. ಅಂಥ ಹೊತ್ತಿನಲ್ಲಿ ಯಾರಾದರೂ ಫೋನ್ ಹಿಡಿದು ಗಡಿ ತೋರಿಸಿದರೆ ಮೊದಲು ಅವರನ್ನು ಪರೀಕ್ಷೆಗೆ ಇಟ್ಟ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ಸ್ಕ್ರೀನ್‌ನ ಕಲ್ಲು ನೆಲದ ಕಲ್ಲಿನ ಮೇಲೆ ಕೂರುತ್ತದಾ ನೋಡಿ. ಮೂಲ ನಕ್ಷೆ ಯಾವುದು, ಯಾವ ಕಲ್ಲುಗಳನ್ನು ಅಳೆದಿದ್ದೀರಿ, ಎಷ್ಟು ವ್ಯತ್ಯಾಸ ಉಳಿದಿದೆ ಅಂತ ಕೇಳಿ. ಜಗಳ ಇರುವ ಗಡಿಯಾದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರದಿಂದಲೇ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಿ, ಸರ್ಕಾರಿ ಸರ್ವೇಯರ್ ಬಂದು ಅಳೆದು ಕಲ್ಲು ನೆಡುವವರೆಗೆ ಬೇಲಿ ಕೆಲಸಕ್ಕೆ ಕೈ ಹಾಕಬೇಡಿ.