ಚಿಲ್ಲರೆ ಇದೆಯಾ?

ರೋಮ್‌ನ ಟ್ರೆವಿ ಕಾರಂಜಿ ನೋಡಲು ನಮ್ಮ ಗುಂಪಿಗೆ ಕೊಟ್ಟಿದ್ದು ಕಾಲು ಗಂಟೆ. ಜನರನ್ನು ತಳ್ಳಿಕೊಂಡು ನೀರಿನ ಹತ್ತಿರ ಹೋಗುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದಿತ್ತು. ಬೆನ್ನು ಹಾಕಿ ನಿಂತು, ಬಲಗೈಯಿಂದ ಎಡ ಹೆಗಲ ಮೇಲೆ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುತ್ತೀರಿ ಎಂದು ಟೂರ್ ಮ್ಯಾನೇಜರ್ ಹೇಳಿದ್ದೇ ತಡ, ನನ್ನ ಹೆಂಡತಿ ನಮ್ಮಲ್ಲಿದ್ದ ಕೊನೆಯ ಒಂದು ಯೂರೋ ನಾಣ್ಯವನ್ನು ಎಸೆದುಬಿಟ್ಟಳು. ಟಾಯ್ಲೆಟ್ಟಿಗೆ ಬೇಕಾಗುತ್ತದೆ ಎಂದು ನಾನು ಬೆಳಗಿನಿಂದ ಕಾಪಾಡಿಕೊಂಡು ಬಂದಿದ್ದ ನಾಣ್ಯ ಅದು.

"ಇರ್ಲಿ ಬಿಡ್ರೀ, ಮತ್ತೆ ಬರೋ ಹಾಗಾಯ್ತಲ್ಲ" ಅಂದಳು. ಮತ್ತೆ ಬರುವುದು ಆಮೇಲಿನ ಮಾತು. ಮುಂದಿನ ಒಂದು ಗಂಟೆ ಹೇಗೆ ತಳ್ಳುವುದು ಎಂಬುದು ನನ್ನ ಚಿಂತೆ. ಕಾರಂಜಿಗೆ ಬಿದ್ದ ದುಡ್ಡು ಕಾರಿಟಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆ. ವರ್ಷಕ್ಕೆ ಹತ್ತು ಲಕ್ಷ ಯೂರೋಗಿಂತ ಜಾಸ್ತಿ. ಒಳ್ಳೆಯ ಕೆಲಸವೇ. ಆದರೆ ಬಗ್ಗಿ ಒಂದನ್ನು ವಾಪಸ್ ಎತ್ತಿಕೊಳ್ಳೋಣ ಎಂದರೆ ದಂಡ ಹಾಕುತ್ತಾರೆ.

ಯೂರೋಪ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ರೋಮ್‌ನ ಪುರಾತನ ಕ್ರೀಡಾಂಗಣ ಕೊಲೋಸಿಯಮ್ ನೋಡಿ ನನಗೇನನ್ನಿಸಿತು ಎಂದು ಹೇಳಬೇಕು. ಹೇಳುತ್ತೇನೆ. ಅದಕ್ಕೆ ಮೊದಲು ಜರ್ಮನಿಯ ಹೆದ್ದಾರಿ.

ಅಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಕಾನೂನು. ಬಸ್ಸಿನಲ್ಲಿರುವ ಯಂತ್ರವೊಂದು ಎಲ್ಲವನ್ನೂ ದಾಖಲೆ ಮಾಡುತ್ತದೆ, ಕಳ್ಳಾಟ ನಡೆಯುವುದಿಲ್ಲ. ಪ್ರಯಾಣಿಕರ ವಿಶ್ರಾಂತಿಗೆ ಮಾತ್ರ ಯಾವ ಕಾನೂನೂ ಇಲ್ಲ. ಹಾಗಾಗಿ ಅವನು ಹಾಯಾಗಿ ಸಿಗರೇಟು ಹಚ್ಚಿದ, ನಾವು ಓಡಿ ಟಾಯ್ಲೆಟ್ ಕ್ಯೂ ಸೇರಿದೆವು. ಒಂದು ಯೂರೋ ಹಾಕಿದರೆ ಗೇಟು ತೆರೆಯುತ್ತದೆ, ಜೊತೆಗೆ ಒಂದು ಯೂರೋ ಕೂಪನ್ ಬರುತ್ತದೆ. "ಹಾಗಾದ್ರೆ ಪುಕ್ಕಟೆನೇ ಅಲ್ವಾ ಸಾರ್?" ಅಂದರು ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅಲ್ಲ. ಕೂಪನ್ ನಡೆಯುವುದು ಹೆದ್ದಾರಿಯ ಅಂಗಡಿಗಳಲ್ಲಿ. ಅಲ್ಲಿ ಒಂದು ಯೂರೋಗೆ ಏನೂ ಸಿಗುವುದಿಲ್ಲ. ಮೇಲೆ ದುಡ್ಡು ಸೇರಿಸಿ ಕಾಫಿ ತೆಗೆದುಕೊಂಡೆವು. ಕಾಫಿ ಅಂದರೆ ನಮ್ಮ ಬೈಟೂ ಅಲ್ಲ, ಸ್ನಾನಕ್ಕೆ ಆಗುವ ಚೊಂಬಿನಷ್ಟು. ಕುಡಿದು ಬಸ್ ಹತ್ತಿದವರಿಗೆಲ್ಲ ಮುಂದಿನ ಸ್ಟಾಪಿನಲ್ಲಿ ಮತ್ತೆ ಒಂದೊಂದು ಯೂರೋ ಬೇಕಾಯಿತು. ಈ ಉಪಾಯ ಹೂಡಿದ ಪುಣ್ಯಾತ್ಮನಿಗೆ ದೊಡ್ಡ ನಮಸ್ಕಾರ.

ಆದರೆ ಈ ವಿದ್ಯೆಯ ಹಿರಿಯ ಗುರು ರೋಮ್‌ನವನೇ. ಕ್ರಿ.ಶ. 69ರಿಂದ 79ರವರೆಗೆ ಆಳಿದ ಚಕ್ರವರ್ತಿ ವೆಸ್ಪೇಸಿಯನ್. ಆಗ ಬಟ್ಟೆ ಒಗೆಯುವವರಿಗೆ ಮೂತ್ರ ಬೇಕಿತ್ತು, ಅದರ ಅಮೋನಿಯಾ ಕೊಳೆ ತೆಗೆಯುತ್ತದೆ. ದೊರೆ ಅದಕ್ಕೂ ತೆರಿಗೆ ಹಾಕಿದ. ಮಗ ಟೈಟಸ್ ಮೂಗು ಮುರಿದನಂತೆ. ಅಪ್ಪ ಆ ತೆರಿಗೆಯಿಂದ ಬಂದ ನಾಣ್ಯವನ್ನೇ ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತಾ ಎಂದು ಕೇಳಿದ. ಇಲ್ಲ ಅಂದ ಮಗ. ರೋಮನ್ ಇತಿಹಾಸಕಾರ ಸ್ವಿಟೋನಿಯಸ್ ಬರೆದಿಟ್ಟ ಕಥೆ ಇದು. ಆ ಕಾಲದಲ್ಲಿ ತೆರಿಗೆ ಕಟ್ಟುತ್ತಿದ್ದವನು ಸರಕು ಬೇಕಾದವನು, ಗಮನಿಸಿ. ಸರಕನ್ನೂ ನಾವೇ ಕೊಟ್ಟು, ದುಡ್ಡನ್ನೂ ನಾವೇ ಕೊಟ್ಟು, ಥ್ಯಾಂಕ್ಯೂ ಕೂಡ ನಾವೇ ಹೇಳಿ ಬರುವ ಪದ್ಧತಿ ಆಮೇಲೆ ಬಂದದ್ದು.

ವೆಸ್ಪೇಸಿಯನ್ ಈಗ ಇದ್ದಿದ್ದರೆ ವೆನಿಸ್‌ನಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಆ ಊರು 2024ರಿಂದ, ಜನ ಜಾಸ್ತಿ ಬರುವ ದಿನಗಳಲ್ಲಿ, ಕಾಲಿಡುವುದಕ್ಕೇ ಶುಲ್ಕ ತೆಗೆದುಕೊಳ್ಳುತ್ತಿದೆ.

ಕೊಲೋಸಿಯಮ್ ಕಟ್ಟಲು ಶುರು ಮಾಡಿದವನೂ ಇದೇ ವೆಸ್ಪೇಸಿಯನ್. 80ರಲ್ಲಿ ಅದನ್ನು ಉದ್ಘಾಟಿಸಿದವನು ಆ ಮೂಗು ಮುರಿದ ಮಗ. ಕಟ್ಟಡದ ಖರ್ಚಿಗೆ ಜೆರುಸಲೇಮಿನ ಲೂಟಿಯ ದುಡ್ಡು ಬಂತು ಎನ್ನುತ್ತಾರೆ ವಿದ್ವಾಂಸರು. ಇರಬಹುದು. ನನಗೇನೋ ಆ ಇನ್ನೊಂದು ತೆರಿಗೆಯ ಮೇಲೇ ಅನುಮಾನ.

ನಮ್ಮ ಟೂರಿನಲ್ಲಿ ಕೊಲೋಸಿಯಮ್ ಹೊರಗಿನಿಂದ ಮಾತ್ರ. ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ 'ಫೋಟೋ ಸ್ಟಾಪ್' ಎಂದು ಹಾಕಿದ್ದರು. ಎರಡು ಸಾವಿರ ವರ್ಷದ ಕಲ್ಲಿಗೆ ಎಲ್ಲರೂ ಬೆನ್ನು ತೋರಿಸಿ ನಿಂತಿದ್ದರು, ಮುಖ ಮೊಬೈಲಿನ ಕಡೆ. ಇಷ್ಟು ದುಡ್ಡು ಸುರಿದು ಬಂದದ್ದು ಊರು ನೋಡುವುದಕ್ಕೋ, ಹಾಜರಿ ಹಾಕುವುದಕ್ಕೋ? ನಾನೂ ತಲೆ ಎತ್ತಿ ಮೇಲಿನ ಕಮಾನುಗಳನ್ನು ನೋಡಿ, ಏನೋ ಹೊಳೆಯುತ್ತಿದೆ ಅನ್ನುವಷ್ಟರಲ್ಲಿ ಟೂರ್ ಮ್ಯಾನೇಜರ್ ಛತ್ರಿ ಎತ್ತಿದ. ಇಂಡಿಯನ್ ಡಿನ್ನರ್‌ಗೆ ಹೊತ್ತಾಗುತ್ತಿದೆಯಂತೆ.

ದಾಲ್, ಜೀರಾ ರೈಸ್, ಪನೀರ್, ಗುಲಾಬ್ ಜಾಮೂನು. ಅಲ್ಲಿ ಒಂದೂವರೆ ಗಂಟೆ ಕೂತೆವು. ಯಾರೂ ಛತ್ರಿ ಎತ್ತಲಿಲ್ಲ.