ಅಡ್ಡಿಲ್ಲ

ನಲವತ್ತೊಂಬತ್ತು ರೂಪಾಯಿಗೆ ಈಗ ಸಾಗರ ಪೇಟೆಯಲ್ಲಿ ಎಂತ ಬರುತ್ತದೆ? ಒಂದು ಮಸಾಲೆ ದೋಸೆಗೇ ಆಚೀಚೆ ಆಗುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಆ ದುಡ್ಡಿಗೆ ಒಂದು ಕಂಪ್ಯೂಟರ್ ಗೇಮ್ ಕೊಂಡೆ. ಅದರಲ್ಲಿ ಒಂದಿಷ್ಟು ಹಲಗೆ, ಕಲ್ಲು, ಹಗ್ಗ, ಒಂದು ಕೆಂಪು ಚೆಂಡು. ಹೇಗೋ ಜೋಡಿಸಿ ಚೆಂಡನ್ನು ಬುಟ್ಟಿಗೆ ಬೀಳಿಸಬೇಕು. ಕೆಲವು ಹಂತದಲ್ಲಿ ಚೆಂಡೂ ಇಲ್ಲ, ಬುಟ್ಟಿಯೂ ಇಲ್ಲ. ಕಟ್ಟಿದ್ದು ಬೀಳದಿದ್ದರೆ ಸಾಕು.

ಗೇಮ್ ತೆರೆದೆ. ಇನ್ನೂ ಏನೂ ಮುಟ್ಟಿಲ್ಲ, ಟಿಣ್ ಅಂತ ಮೂಲೆಯಲ್ಲಿ ಒಂದು ಪದಕ ಎದ್ದು ಬಂತು. ತೆರೆದಿದ್ದಕ್ಕಂತೆ! ಸೆಟ್ಟಿಂಗ್ಸ್‌ಗೆ ಹೋಗಿ ಸದ್ದು ತಗ್ಗಿಸಿದೆ. ಅದಕ್ಕೊಂದು. ಮೊದಲ ಸಲ ಕಟ್ಟಿದ್ದು ದಬ್ಬೆಂದು ಬಿತ್ತು. ಬಿದ್ದಿದ್ದಕ್ಕೂ ಒಂದು.

ನಾನು ಬೆಳೆದಿದ್ದು ಇಂಥ ವಾತಾವರಣದಲ್ಲಿ ಅಲ್ಲ. ನಮ್ಮ ಮನೆಯಲ್ಲಿ ಹೊಗಳಿಕೆಗೆ ಭಾರೀ ಬರ. ಅಪ್ಪಯ್ಯನ ಹತ್ತಿರ ಇರುವುದು ಒಂದೇ ಶಬ್ದ, ‘ಅಡ್ಡಿಲ್ಲ’. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಅಡ್ಡಿಲ್ಲ. ಹಬ್ಬದ ದಿನ ಅಮ್ಮನ ಹೋಳಿಗೆ ಎಂಟು ಖಾಲಿ ಮಾಡಿ, ಕೈ ತೊಳೆಯುತ್ತಾ ಅಡ್ಡಿಲ್ಲ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯಿತಲ್ಲ, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ್ದು? ಅಷ್ಟು ವರ್ಷ ಲಾಂಚಿಗೆ ಕಾದು ಕಾದು ಶರಾವತಿ ಹಿನ್ನೀರು ದಾಟಿದವರು ಅಪ್ಪಯ್ಯ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಾರಿನಲ್ಲೇ ಕರೆದುಕೊಂಡು ಹೋದೆ. ಜನ ಇಳಿದಿಳಿದು ಫೋಟೋ ಹೊಡೆಯುತ್ತಿದ್ದರು. ಅಪ್ಪಯ್ಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ಕೇಬಲ್ಲುಗಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ‘ಅಡ್ಡಿಲ್ಲ’ ಅಂದರು.

ಹೀಗೆ ಬೆಳೆದವನಿಗೆ ಗಳಿಗೆಗೊಂದು ಪದಕ ಸಿಕ್ಕರೆ ಏನಾಗಬೇಡ?

ಈ ಪದಕಗಳಿಗೆ ಗೇಮಿನವರು ಅಚೀವ್‌ಮೆಂಟ್ ಅನ್ನುತ್ತಾರೆ. ಇದರ ಚಟ ಗಟ್ಟಿಯಾಗಿದ್ದು 2005ರಲ್ಲಿ, ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರ ಬಂದ ಮೇಲೆ. ಆಮೇಲೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್, ಇನ್ನೊಂದು ಗೇಮ್ ಯಂತ್ರ ಪ್ಲೇಸ್ಟೇಷನ್ ಎಲ್ಲವೂ ಅದೇ ದಾರಿ ಹಿಡಿದವು. ಆಗ ಹುಟ್ಟಿಕೊಂಡರು ನೋಡಿ, ಆಟಕ್ಕಲ್ಲ, ಪದಕಕ್ಕೇ ಗೇಮ್ ಕೊಳ್ಳುವವರು. ಅವರಿಗೆ ಗೇಮ್ ಅಗ್ಗವಿರಬೇಕು, ಅರ್ಧ ಗಂಟೆಯಲ್ಲಿ ಎಲ್ಲ ಪದಕವೂ ಸಿಕ್ಕಿ ನೂರಕ್ಕೆ ನೂರು ಆಗಬೇಕು. ಅಂಥವರ ಬಗ್ಗೆ ಕೇಳಿ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ.

ಅಗ್ಗಕ್ಕೆ ಹೇಗೆ ಕೊಡುತ್ತಾರೆ ಅಂದರೆ, ಕಷ್ಟದ ಕೆಲಸವನ್ನು ಯಾರೋ ಆಗಲೇ ಮಾಡಿಟ್ಟಿರುತ್ತಾರೆ. ಎರಿನ್ ಕ್ಯಾಟೊ ಎಂಬ ಪ್ರೋಗ್ರಾಮರ್ ಬಾಕ್ಸ್‌ಟುಡಿ ಅಂತ ಒಂದು ಫಿಸಿಕ್ಸ್ ಎಂಜಿನ್ ಬರೆದು, ಯಾರು ಬೇಕಾದರೂ ಬಿಟ್ಟಿ ಬಳಸಿಕೊಳ್ಳಿ ಅಂತ ಬಿಟ್ಟರು. 2009ರ ಆಂಗ್ರಿ ಬರ್ಡ್ಸ್ ಗೇಮಿನಲ್ಲಿ ಹಂದಿಗಳ ಮನೆ ಕುಸಿಯುವುದು ಅದರ ಲೆಕ್ಕದಲ್ಲೇ. ಹಲಗೆಗೆ ಎಷ್ಟು ತೂಕ, ಎಷ್ಟು ಜಾರಬೇಕು, ಎಷ್ಟು ಪುಟಿಯಬೇಕು ಅಂತ ಸೆಕೆಂಡಿಗೆ ಹತ್ತಾರು ಸಲ ಕೂಡಿ ಕಳೆಯುತ್ತಾ ಕೂತಿರುತ್ತದೆ. ನನ್ನ ಗೇಮಿನ ಹೊಟ್ಟೆಯಲ್ಲೂ ಅಂಥದ್ದೇ ಒಂದು ಇರಬೇಕು.

ಒಂದು ಸಂಜೆ ಬಿಡದೆ ಮಳೆ. ಕರೆಂಟ್ ಮಧ್ಯಾಹ್ನವೇ ಹೋಗಿತ್ತು, ಲ್ಯಾಪ್‌ಟಾಪಿನಲ್ಲಿ ಉಳಿದಿದ್ದು ಹದಿನೆಂಟು ಪರ್ಸೆಂಟ್. ನಾನು ಕೊನೆಯ ಹಂತದಲ್ಲಿ ಸಿಕ್ಕಿಕೊಂಡಿದ್ದೆ. ಹನ್ನೆರಡು ಕೋಲು, ಒಂದು ಕಿರಿದಾದ ಬಂಡೆ. ಅದರ ಮೇಲೆ ಗೋಪುರ ಕಟ್ಟಬೇಕು, ಗಾಳಿ ಬೀಸಿದರೂ ಬೀಳಬಾರದು. ಐವತ್ತು ಸಲ ಬೀಳಿಸಿದ್ದೆ. (ಅದಕ್ಕೂ ಪದಕ ಬಂದಿತ್ತು.)

ಕವಳ ಹಾಕುತ್ತಾ ಅಪ್ಪಯ್ಯ ಹಿಂದೆ ಬಂದು ನಿಂತರು.

‘ಎಂತ ಅದು, ಸೌದೆ ಒಟ್ಟದಾ?’

ಹೌದಲ್ವಾ ಅನ್ನಿಸಿತು. ಮಳೆಗೆ ಮುಂಚೆ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಅಪ್ಪಯ್ಯ ಒಟ್ಟುವ ರಾಶಿ ಮಾಡಿನವರೆಗೆ ಹೋಗುತ್ತದೆ. ಮೊದಲು ಎರಡು ತುದಿ. ಎರಡು ಉದ್ದ, ಅದರ ಮೇಲೆ ಎರಡು ಅಡ್ಡ, ಮತ್ತೆ ಎರಡು ಉದ್ದ. ದಪ್ಪ ತುದಿಯ ಮೇಲೆ ಸಣ್ಣ ತುದಿ ಬರುವ ಹಾಗೆ ತಿರುಗಿಸಿ ತಿರುಗಿಸಿ ಇಡುತ್ತಾರೆ. ಅಲುಗಾಡಿದರೆ ಒಂದು ಚಕ್ಕೆ ತುರುಕುತ್ತಾರೆ. ನಡುವೆ ಉಳಿದದ್ದನ್ನು ಸುಮ್ನೆ ತುಂಬಿದರಾಯಿತು. ಬಚ್ಚಲ ಒಲೆಗೆ ದಿನಾ ಎಳೆದರೂ ದೀಪಾವಳಿವರೆಗೆ ರಾಶಿ ಜಾರುವುದಿಲ್ಲ.

‘ಎಲ್ಲಾ ಒಂದೇ ಕಡೆ ಮಲಗಿಸಿದ್ರೆ ನಿಲ್ತದನೋ? ಅಡ್ಡ ಹಾಕು.’

ಹಾಕಿದೆ. ಉದ್ದ, ಅಡ್ಡ, ಉದ್ದ, ಅಡ್ಡ. ಪರದೆಯಲ್ಲಿ ಗಾಳಿ ಬೀಸಿತು. ಹೊರಗೂ ಬೀಸುತ್ತಿತ್ತು. ಗೋಪುರ ಒಮ್ಮೆ ನಡುಗಿ ನಿಂತುಬಿಟ್ಟಿತು. ಟಿಣ್!

‘ಅಪ್ಪಯ್ಯ, ಮಹಾಶಿಲ್ಪಿ ಅಂತ ಪದಕ ಬಂತು! ನೂರಕ್ಕೆ ನೂರು ಆಯ್ತು!’

ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. ಸೇತುವೆಯ ಕೇಬಲ್ ನೋಡಿದ ಹಾಗೆಯೇ ಕೆಳಗಿನಿಂದ ಮೇಲಿನ ತನಕ ನೋಡಿದರು. ನಾನು ಆ ಒಂದು ಶಬ್ದಕ್ಕೆ ಕಾದು ಕೂತೆ.

‘ಮೇಲಿಂದ ಎರಡನೇದು ಸೊಟ್ಟ ಇದೆಯಲ್ಲೋ’ ಅಂದರು. ‘ಕೆಡಗು. ಮತ್ತೊಂದ್ಸಲ ಒಟ್ಟು.’